ಉಪ್ಪಾಗೆ ತುಪ್ಪ ತಿಂದ ಟಾಪು

ದೇವರ ಪೂಜೆಯನ್ನು ನಾನು ಎಂದೂ ಅಷ್ಟು ಶ್ರದ್ಧೆಯಿಂದ ಮಾಡಿದವನಲ್ಲ. ಆದರೆ ಒಂದು ಬಟ್ಟೆಯ ಸೇವೆಯನ್ನು ಆರು ವರ್ಷ, ಊರಲ್ಲಿದ್ದಷ್ಟು ದಿನವೂ ಎರಡು ಹೊತ್ತು, ಸೂತಕ ಬಂದಾಗಲೂ ಬಿಡದೆ ಮಾಡಿದ್ದೇನೆ. ಅದು ಶಿರಸಿಯ ಒಬ್ಬ ಸಾಹೇಬರ ಬಾಡಿಗೆ ಮೋಟಾರಿನ ನೆತ್ತಿಯ ಮೇಲಿದ್ದ ಕ್ಯಾನ್ವಾಸು. ನಮ್ಮಲ್ಲಿ ಅದಕ್ಕೆ ಟಾಪು ಎನ್ನುತ್ತಿದ್ದರು. ಈಗಿನ ಮೋಟಾರುಗಳಿಗೆ ತಗಡಿನ ತಲೆ ಇರುತ್ತದೆ. ಅವುಗಳ ಯಜಮಾನರಿಗೆ ನಮ್ಮ ಕಷ್ಟ ತಿಳಿಯುವುದು ಕಷ್ಟ.

ಕಾಡು ಇಲಾಖೆಯ ದೊರೆಯೊಬ್ಬರು ಸ್ವದೇಶಕ್ಕೆ ಹೊರಟಾಗ ಆ ಮೋಟಾರನ್ನು ಮಾರಿ ಹೋದರು. ಸಾಹೇಬರು ಅಡಿಕೆ, ಬೆಲ್ಲದ ವ್ಯಾಪಾರದವರು, ಅದನ್ನು ಕೊಂಡು ಬಾಡಿಗೆಗೆ ಬಿಟ್ಟರು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಮಾಸ್ತರಿಕೆಯ ಹುಕುಂ ಬರುತ್ತದೆಂದು ಎರಡು ವರ್ಷ ಕಾದವನು. ಹುಕುಂ ಬರಲಿಲ್ಲ, ಅಷ್ಟರಲ್ಲಿ ಮೋಟಾರು ಬಂತು. ಹೀಗಾಗಿ ನಾನು ಡ್ರೈವರನಾದೆ, ಜನರು ಮಾತ್ರ ನನ್ನನ್ನು ಮಾಸ್ತರ ಎಂದೇ ಕರೆದರು. ಮೂವತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ಶಿರಸಿಯಿಂದ ಸಿದ್ದಾಪುರಕ್ಕೆ, ಯಲ್ಲಾಪುರಕ್ಕೆ, ಒಮ್ಮೊಮ್ಮೆ ಎಕ್ಕಂಬಿಯ ಕಡೆಗೆ ನಾನು ಓಡಿಸಿದ ದೂರವನ್ನೆಲ್ಲ ಕೂಡಿಸಿದರೆ ಕಾಶಿಗೆ ಹೋಗಿ ಬರಬಹುದಿತ್ತು. ಪುಣ್ಯ ಮಾತ್ರ ಬರಲಿಲ್ಲ, ಬೆನ್ನುನೋವು ಬಂತು.

ಇಂಜಿನು ಒಳ್ಳೆಯದೇ. ದೊರೆಯ ಕೈಯಲ್ಲಿ ಪಳಗಿದ್ದರಿಂದಲೋ ಏನೋ, ಹೇಳಿದ ಮಾತು ಕೇಳುತ್ತಿತ್ತು. ತಕರಾರು ಟಾಪಿನದು. ಮೂರು ಮರದ ಕಮಾನುಗಳ ಮೇಲೆ ಬಿಗಿದ ಆ ಬಟ್ಟೆಗೆ ಮುಪ್ಪು ಬಂದಿತ್ತು. ಅದರ ನಿಯಮಗಳನ್ನು ನೆನೆದರೆ ಈಗಲೂ ನನಗೆ ಆಯಾಸವಾಗುತ್ತದೆ. ಧೂಳನ್ನು ಮೆತ್ತನೆಯ ಬಟ್ಟೆಯಿಂದ ಕೊಡವಬೇಕು, ಉಜ್ಜಬಾರದು. ಪೆಟ್ರೋಲು, ಚಿಮಣಿ ಎಣ್ಣೆ ಸೋಕಿಸಬಾರದು. ಒದ್ದೆಯಿದ್ದಾಗ ಮಡಚಬಾರದು, ಮಡಚಿದರೆ ಮಡಿಕೆಯೊಳಗೆ ಬೂಸ್ಟು ಹಿಡಿದು ಅಲ್ಲಿಯೇ ಸೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಳೆ ಬೀಳುವಾಗ ಒಳಗಿನಿಂದ ಅದಕ್ಕೆ ಬೆರಳು ತಾಗಿಸಬಾರದು. ತಾಗಿಸಿದರೆ ಆ ಜಾಗದಿಂದಲೇ ಹನಿ ಇಳಿಯಲು ಶುರು. ಇದನ್ನು ಹೇಳಿದ ಕೂಡಲೇ ಪ್ರತಿಯೊಬ್ಬ ಗಿರಾಕಿಯೂ ಬೆರಳು ಎತ್ತಿ, "ಎಲ್ಲಿ, ಇಲ್ಲಿಯಾ?" ಎಂದು ಒತ್ತಿ ನೋಡುತ್ತಿದ್ದ. ಆಮೇಲೆ, "ಹೌದಲ್ಲ, ಸೋರ್ತು" ಎಂದು ನನ್ನ ಮಾತನ್ನು ಮೆಚ್ಚುತ್ತಿದ್ದ.

ಜೂನಿನ ಮೊದಲ ಮಳೆಗೆ ಸಾಹೇಬರು ಮೋಟಾರನ್ನು ಶೆಡ್ಡಿಗೆ ತಳ್ಳಿಸುತ್ತಿದ್ದರು. ಸ್ವರ್ಣವಲ್ಲಿ ಮಠದಲ್ಲಿ ಸ್ವಾಮಿಗಳು ಚಾತುರ್ಮಾಸ್ಯಕ್ಕೆ ಕೂರುವುದಕ್ಕೆ ಮುಂಚೆಯೇ ನಮ್ಮ ಮೋಟಾರು ಕೂತಿರುತ್ತಿತ್ತು. ಸ್ವಾಮಿಗಳಿಗೆ ಭಿಕ್ಷೆಯ ವ್ಯವಸ್ಥೆಯಿತ್ತು, ಡ್ರೈವರನಿಗೆ ಇರಲಿಲ್ಲ. ನಾನೂ ನನ್ನ ಹೆಂಡತಿಯೂ ಶಿರಸಿಯ ಬಾಡಿಗೆ ಕೋಣೆಗೆ ಬೀಗ ಹಾಕಿ, ಒಂದು ಟ್ರಂಕು ಹಿಡಿದು, ತ್ಯಾಗಲಿಯಲ್ಲಿದ್ದ ನಮ್ಮ ಅಣ್ಣನ ಮನೆಗೆ ಹೋಗಿ ನಾಲ್ಕು ತಿಂಗಳು ಕೂರುತ್ತಿದ್ದೆವು.

ಅಣ್ಣ ಕೆಟ್ಟವನಲ್ಲ. ಒಂದು ದಿನವೂ ಒಂದು ಕಟು ಮಾತು ಆಡಲಿಲ್ಲ. ಪ್ರತಿದಿನ ಬೆಳಿಗ್ಗೆ ಹಲ್ಲುಜ್ಜುತ್ತ ಆಕಾಶ ನೋಡಿ, "ಈ ಮಳೆ ಯಾವಾಗ ಬಿಡ್ತೋ ಏನೋ?" ಎಂದು ಕೇಳುತ್ತಿದ್ದ, ಅಷ್ಟೇ. ಕೇಳುವುದು ಮಳೆಯನ್ನು, ನೋಡುವುದು ನನ್ನನ್ನು. ಒಳಗೆ ಅತ್ತಿಗೆಯ ರಾಜ್ಯ. ಉಪ್ಪಿನಕಾಯಿ ಭರಣಿ, ಮಜ್ಜಿಗೆ ಗಡಿಗೆ, ತುಪ್ಪದ ಕುಡಿಕೆ, ನನ್ನ ಹೆಂಡತಿ ಯಾವುದರ ಹತ್ತಿರ ಹೋದರೂ, "ಅದು ಮಡಿಲಿ ಇದ್ದು, ಮುಟ್ಟಡ" ಎಂದು ಮೆತ್ತಗೆ ಹೇಳುತ್ತಿದ್ದಳು. ನನ್ನ ಹೆಂಡತಿ ಬೆಳಿಗ್ಗೆ ಮಿಂದು ಮಡಿಯಲ್ಲೇ ಇರುತ್ತಿದ್ದಳು. ಆದರೂ ಅತ್ತಿಗೆಯ ಮಡಿ ಒಂದು ಮೆಟ್ಟಿಲು ಮೇಲಿನದು. ನಾಲ್ಕು ತಿಂಗಳು ಏನನ್ನೂ ಮುಟ್ಟದೆ ಒಂದು ಅಡಿಗೆಮನೆಯಲ್ಲಿ ನಿಂತಿರುವುದು ಎಂಥದು ಎಂಬುದನ್ನು ಅವಳು ನನಗೆ ಎಂದೂ ವಿವರಿಸಲಿಲ್ಲ. ಮೂರನೆಯ ವರ್ಷದ ಚೈತ್ರದಲ್ಲಿ ಮಾತ್ರ ಅಕ್ಕಿ ಆರಿಸುತ್ತ ಕೂತವಳು ತಲೆ ಎತ್ತದೆ ಹೇಳಿದಳು.

"ಈ ಮಳೆಗಾಲಕ್ಕೆ ಆನು ತ್ಯಾಗಲಿಗೆ ಬತ್ನಿಲ್ಲೆ. ನಿಂಗ ಬೇಕಾದ್ರೆ ಹೋಗಿ."

"ಇಲ್ಲಿ ಕೂತ್ಕಂಡು ಊಟಕ್ಕೆ ಎಂತ ಮಾಡದು?"

"ನಿಂಗಳ ಟಾಪನ್ನೇ ಹರದು ಸಾರು ಮಾಡ್ತೆ."

ಅವಳು ನಗಲಿಲ್ಲ. ಆದ್ದರಿಂದ ನಾನು ಮರುದಿನವೇ ಸಾಹೇಬರ ಅಂಗಡಿಗೆ ಹೋದೆ. ಮೋಟಾರು ಮಳೆಗಾಲದಲ್ಲೂ ಓಡಿದರೆ ಮಾತ್ರ ನಾವು ಶಿರಸಿಯಲ್ಲಿ ಉಳಿಯಬಹುದಿತ್ತು.

ಅದಕ್ಕೊಂದು ದಾರಿಯೂ ಇತ್ತು. ಶಿರಸಿಯಲ್ಲಿ ಕರಾವಳಿ ಕಡೆಯ ಡಾಕ್ಟರೊಬ್ಬರಿದ್ದರು. ವಾರಕ್ಕೊಮ್ಮೆ, ಗುರುವಾರ, ಸಿದ್ದಾಪುರದಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಬೇಸಿಗೆಯಲ್ಲಿ ನಮ್ಮ ಮೋಟಾರಿನಲ್ಲಿ ಹೋಗಿ ಅದೇ ದಿನ ಮರಳುವರು. ಮಳೆಗಾಲದಲ್ಲಿ ಚಾಪೆಯ ಕಮಾನಿದ್ದ ಎತ್ತಿನ ಗಾಡಿಯಲ್ಲಿ ಬುಧವಾರ ಹೊರಟು ಶುಕ್ರವಾರ ಮರಳುವರು. ಅವರಿಗೂ ಸಾಕಾಗಿತ್ತು. ತಮ್ಮ ಔಷಧದ ಪೆಟ್ಟಿಗೆಯ ಮೇಲೆ ಒಂದು ಹನಿಯೂ ಬೀಳದಿದ್ದರೆ ಮಳೆಗಾಲವಿಡೀ ಗುರುವಾರಗಳಿಗೆ ಮೋಟಾರನ್ನೇ ಗೊತ್ತುಮಾಡುತ್ತೇನೆ ಎಂದು ಸಾಹೇಬರಿಗೆ ಹೇಳಿದ್ದರು. ಪೆಟ್ಟಿಗೆಯಲ್ಲಿ ಪುಡಿಯ ಪೊಟ್ಟಣಗಳು, ಹತ್ತಿ. ನೀರು ತಾಗಿದರೆ ರೋಗಿಗಳು ಬರಿಗೈಯಲ್ಲಿ ಹೋಗಬೇಕು.

"ನೋಡಿ ಮಾಸ್ತರ್," ಎಂದರು ಸಾಹೇಬರು, "ಡಾಕ್ಟರ್ ಸಾಹೇಬ್ರು ಹೂಂ ಅಂದ್ರೆ ಮೋಟಾರು ಓಡ್ತದೆ, ನೀವು ಓಡಿಸ್ತೀರಿ. ಒಂದು ಹನಿ ಬಿತ್ತು ಅಂದ್ರೆ ಶೆಡ್ಡು. ನಂದು ಬೇರೆ ಬಾತ್ ಇಲ್ಲ."

"ಅರ್ಧ ಹನಿ ಬಿದ್ರೆ?"

"ಅರ್ಧ ಶೆಡ್ಡು. ನೀವು ಹೊರಗೆ, ಮೋಟಾರು ಒಳಗೆ."

ಅಂದಿನಿಂದ ನಾನು ಟಾಪಿನ ಪುರಶ್ಚರಣೆ ಆರಂಭಿಸಿದೆ. ಬಿಟ್ಟುಹೋದ ಹೊಲಿಗೆಯನ್ನೆಲ್ಲ ದಬ್ಬಣ ಹಿಡಿದು ಹೊಲಿದೆ. ದಾರಕ್ಕೆ ಜೇನುಮೇಣ ಸವರಿದೆ. ಟಾಪಿಗೆಲ್ಲ ಸವರುವಷ್ಟು ಮೇಣ ಯಾವ ಜೇನುಹುಳವೂ ನನಗಾಗಿ ಕೂಡಿಸಿಟ್ಟಿರಲಿಲ್ಲ. ಹುಬ್ಬಳ್ಳಿಯಲ್ಲಿ ಅದಕ್ಕೆಂದೇ ಡಬ್ಬಿಯ ಲೇಪ ಸಿಗುತ್ತದೆ ಎಂದರು. ತರಿಸಿದರೆ ಡಬ್ಬಿಯ ಮುಚ್ಚಳದ ಮೇಲೆ ಆನೆಯ ಚಿತ್ರವಿತ್ತು, ಒಳಗೆ ಒಣಗಿದ ಗಟ್ಟಿ ಇತ್ತು. ಆ ಗಟ್ಟಿಯಿಂದ ಆನೆಯನ್ನು ಹೊಡೆಯಬಹುದಿತ್ತು.

ಉಪಾಯ ಹೇಳಿದವಳು ನನ್ನ ಹೆಂಡತಿ. ಅವಳ ತವರಿನಿಂದ ಉಪ್ಪಾಗೆ ತುಪ್ಪದ ಉಂಡೆಗಳು ಬಂದಿದ್ದವು. ಕಾಡಿನ ಉಪ್ಪಾಗೆ ಬೀಜವನ್ನು ಅರೆದು ಕುದಿಸಿ ತೆಗೆಯುವ ತುಪ್ಪ ಅದು. ಮೇಣದಂತೆ ಬಿಳಿ, ಮೇಣದಂತೆ ಗಟ್ಟಿ. ನಮ್ಮ ಕಡೆ ಅದರಲ್ಲಿ ದೋಸೆ ಎರೆಯುತ್ತಾರೆ, ಮಳೆಗಾಲದಲ್ಲಿ ಒಡೆದ ಹಿಮ್ಮಡಿಗೂ ಹಚ್ಚುತ್ತಾರೆ.

"ತೋಟದ ಕೆಸರಲ್ಲಿ ದಿನವಿಡೀ ನಿಂತರೂ ಹಿಮ್ಮಡಿ ಒಳಗೆ ನೀರು ಹೋಗ್ತಿಲ್ಲೆ," ಎಂದಳು. "ಕಾಲಿಗೆ ಆಗಿದ್ದು ಬಟ್ಟೆಗೆ ಆಗದಾ?"

ಇದಕ್ಕೆ ಮುಲ್ಕಿ ಪರೀಕ್ಷೆಯಲ್ಲಿ ಉತ್ತರ ಕಲಿಸಿರಲಿಲ್ಲ. ನನಗೂ ಅದು ಪರಮ ಸತ್ಯವೆಂದೇ ತೋರಿತು. ಉಂಡೆಗಳನ್ನೆಲ್ಲ ಕಾಯಿಸಿ ಕರಗಿಸಿ, ಬಿಸಿಬಿಸಿಯಾಗಿ ಟಾಪಿನ ಮೇಲೆ ಬಳಿದೆ. ಹೊಲಿಗೆಯ ಗೆರೆಗಳ ಮೇಲೆ, ಪ್ರೀತಿಯಿಂದ, ಎರಡು ಪಟ್ಟು ಬಳಿದೆ. ತಣಿದ ಮೇಲೆ ಮೂರು ಕೊಡ ನೀರು ಸುರಿದೆವು. ನೀರು ಕೆಸುವಿನ ಎಲೆಯ ಮೇಲೆ ಜಾರಿದಂತೆ ಮುತ್ತುಮುತ್ತಾಗಿ ಜಾರಿತು. ಒಳಗೆ ಕೂತ ಸಾಹೇಬರು ಅಂಗೈ ಚಾಚಿಕೊಂಡು ಕಾದರು, ಒಂದು ಹನಿಯೂ ಬೀಳಲಿಲ್ಲ.

"ಶಾಭಾಸ್," ಎಂದು ಇಳಿದು ಮೂಗು ಅರಳಿಸಿದರು. "ಆದರೆ ಮಾಸ್ತರ್, ಇದು ಮೋಟಾರೋ, ದೋಸೆ ಕಾವಲಿಯೋ?"

ವಾಸನೆಯಿತ್ತು, ನಿಜ. ಮೊದಲ ಎಚ್ಚರಿಕೆ ಯಲ್ಲಾಪುರದ ದಾರಿಯಲ್ಲಿ ಬಂತು. ವೈಶಾಖದ ಬಿಸಿಲು, ಹಿಂದಿನ ಸೀಟಿನಲ್ಲಿ ಹೆಗಡೆ ಮನೆತನದ ಯಜಮಾನರೊಬ್ಬರು. ದಾರಿಯಲ್ಲಿ ನೆರಳು ಕಳೆದ ಸ್ವಲ್ಪ ಹೊತ್ತಿಗೆ ಅವರ ಹಣೆಯ ಮೇಲೆ ಒಂದು ಬೊಟ್ಟು ಬಿತ್ತು. ಅವರು ಅದನ್ನು ಬೆರಳಿನಿಂದ ತೆಗೆದು, ನೋಡಿ, ಮೂಸಿ, ಕೊನೆಗೆ ನಾಲಿಗೆಗೆ ಹಚ್ಚಿಕೊಂಡರು.

"ಮಾಸ್ತರಾ, ಉಪ್ಪಾಗೆ ತುಪ್ಪ ಅಲ್ದನಾ ಇದು?"

"ಹೌದು."

"ಚೊಲೋ ಇದ್ದು. ಯಾರ ಮನೇದು?"

ಅವರಿಗೆ ಬೇಸರವಾಗಲಿಲ್ಲವೆಂದು ನಾನೂ ಬೇಸರಪಡಲಿಲ್ಲ. ಮಳೆಗಾಲದಲ್ಲಿ ಬಿಸಿಲೆಲ್ಲಿ, ಕರಗುವುದೆಲ್ಲಿ ಎಂದು ಸಮಾಧಾನ ಮಾಡಿಕೊಂಡೆ. ನಾನು ಬಿಸಿಲಿನ ಬಗ್ಗೆ ಯೋಚಿಸಿದೆ, ಮಳೆಯ ಬಗ್ಗೆ ಯೋಚಿಸಿದೆ. ತಿನ್ನುವ ಪದಾರ್ಥವನ್ನು ತಿನ್ನುವವರು ಇದ್ದಾರೆ ಎಂಬುದನ್ನು ಯೋಚಿಸಲಿಲ್ಲ. ನಮ್ಮ ಶೆಡ್ಡಿಗೂ ಸಾಹೇಬರ ಬೆಲ್ಲದ ಕೋಠಿಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಅಲ್ಲಿನ ಇಲಿಗಳು ಎಷ್ಟೋ ದಿನಗಳಿಂದ ಬರಿ ಬೆಲ್ಲ ತಿಂದು ಬೇಸತ್ತಿದ್ದವು.

ಯಲ್ಲಾಪುರದಿಂದ ಬಂದ ನಾಲ್ಕನೆಯ ದಿನ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಟಾಪಿನ ನಡುವೆ ಆಕಾಶ ಕಂಡಿತು. ಆಕಾಶವೆಂದರೆ ಹೆಂಚಿನ ಮಾಡು. ನನಗೆ ಎರಡೂ ಒಂದೇ ಆಗಿತ್ತು. ಒಂದು ಊಟದ ಬಾಳೆಲೆಯಷ್ಟು ಜಾಗ ಮಾಯ. ನಾನು ಎಲ್ಲಿ ಪ್ರೀತಿಯಿಂದ ಎರಡು ಪಟ್ಟು ಬಳಿದಿದ್ದೆನೋ ಸರಿಯಾಗಿ ಅಲ್ಲಿ. ಉಳಿದಲ್ಲಿ ಹಲ್ಲಿನ ಗುರುತು ಮಾತ್ರ. ಆ ಬದಿಯನ್ನು ಮರುದಿನಕ್ಕೆ ಇಟ್ಟುಕೊಂಡಿದ್ದವು ಎಂದು ಕಾಣುತ್ತದೆ.

ಸಾಹೇಬರು ಬಂದು ನೋಡಿದರು. ಅವರಿಗೆ ಸಿಟ್ಟು ಬಂದಾಗ ದನಿ ಇನ್ನೂ ಮೆತ್ತಗಾಗುತ್ತಿತ್ತು. "ಇಲಿಗೆ ಊಟ ಹಾಕಿದ ಪುಣ್ಯ ನಿಮಗೆ ಬಂತು, ಮಾಸ್ತರ್. ಟಾಪಿನ ಪಾಪ ಯಾರ ಲೆಕ್ಕಕ್ಕೆ?" ಎಂದು ಹೊರಟುಹೋದರು.

ಮನೆಯಲ್ಲಿ ಹೆಂಡತಿಗೆ ಹೇಳಿದೆ. "ಇಲಿ ತಿಂತು ಹೇಳಿ ಆನು ಯೋಚ್ನೆನೇ ಮಾಡಿದ್ನಿಲ್ಲೆ," ಎಂದಳು. ಆಮೇಲೆ ಮಂಚದ ಕೆಳಗಿನಿಂದ ಟ್ರಂಕನ್ನು ಎಳೆದು, ಧೂಳು ಒರೆಸಿ, ಬಾಗಿಲ ಬದಿಗೆ ಇಟ್ಟಳು. ತ್ಯಾಗಲಿಗೆ ಬರುವುದಿಲ್ಲ ಎಂದವಳು ಮತ್ತೆ ಆ ಮಾತು ಎತ್ತಲಿಲ್ಲ. ಜಗಳವಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಮಳೆಗೆ ಹೆಚ್ಚು ದಿನ ಇರಲಿಲ್ಲ. ಅಷ್ಟು ದಪ್ಪದ ಕ್ಯಾನ್ವಾಸು ಶಿರಸಿ ಪೇಟೆಯಲ್ಲಿ ಸಿಗಲಿಲ್ಲ. ಮೋಟಾರಿನಲ್ಲಿದ್ದ ಅದೇ ಬಟ್ಟೆಯೆಂದರೆ ಪಕ್ಕಗಳಿಗೆ ಕಟ್ಟುವ ಪರದೆಗಳು. ಹಿಂದಿನ ಪರದೆ ಗಿರಾಕಿಗಳಿಗೆ ಬೇಕು. ಆದ್ದರಿಂದ ನನ್ನ ಬದಿಯದನ್ನು, ಡ್ರೈವರನ ಮಗ್ಗುಲಿನ ಪರದೆಯನ್ನು, ಬಿಚ್ಚಿ ಕತ್ತರಿಸಿದೆ. ಇಲಿಯ ತೂತಿಗೆ ತೇಪೆ ಇಟ್ಟು ಹೊಲಿಯುತ್ತ ಕೂತಿದ್ದಾಗ ಶೆಡ್ಡಿನ ಬಾಗಿಲಲ್ಲಿ ನೆರಳು ಬಿತ್ತು.

ಗಾಡಿಯ ಅಜ್ಜ. ಡಾಕ್ಟರನ್ನು ಮಳೆಗಾಲದಲ್ಲಿ ಸಿದ್ದಾಪುರಕ್ಕೆ ಒಯ್ಯುತ್ತಿದ್ದವನು. ಹಾವೇರಿ ಕಡೆಯಿಂದ ಬಂದು ಶಿರಸಿಯಲ್ಲಿ ನೆಲೆ ನಿಂತವನು. ನಮ್ಮ ಟಾಪು ಗೆದ್ದರೆ ಅವನ ಗುರುವಾರಗಳು ಹೋಗುತ್ತಿದ್ದವು. ಆದ್ದರಿಂದ ಮೂರು ವರ್ಷಗಳಿಂದ ಎಲ್ಲಿ ಕಂಡರೂ, "ಏನ್ರಿ ಮಾಸ್ತರ್ರ, ನಿಮ್ಮ ಮೋಟಾರಿಗೆ ನೆಗಡಿ ಹೋತೇನ್ರಿ?" ಎಂದು ಚುಚ್ಚುತ್ತಿದ್ದ.

"ಇಲಿ ಉಂಡಾವಂತಲ್ರಿ," ಎಂದ.

"ನೀನು ನಗು ಅಜ್ಜ. ಈ ಮಳೆಗಾಲವೂ ಡಾಕ್ಟರು ನಿನ್ನ ಗಾಡಿಗೇ."

ಅವನು ನಗಲಿಲ್ಲ. ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಹೊಸ್ತಿಲ ಮೇಲೆ ಕೂತ. "ನಗಾಕ ಏನೈತ್ರಿ ನನಗ? ನಿಮ್ಮ ಟಾಪು ಒಮ್ಮೆರ ಗೆಲ್ಲಲಿ ಅಂತ ಮೂರು ವರ್ಷಾತು ಕಾಯಾಕತ್ತೀನಿ."

ನಾನು ದಬ್ಬಣ ನಿಲ್ಲಿಸಿದೆ.

"ಮೊಣಕಾಲಾಗ ನೀರು ತುಂಬ್ಯಾವು. ಎತ್ತಿಗೂ ವಯಸ್ಸಾತು, ನನಗೂ ಆತು. ಆ ಡಾಕ್ಟರು ನನ್ನ ಮೊಮ್ಮಗಳನ್ನ ಸಾಯೂದ್ರಿಂದ ಉಳಿಸ್ಯಾರ. ಅವರಿಗೆ ಬರಾಂಗಿಲ್ಲ ಅಂತ ಯಾವ ಬಾಯ್ಲೆ ಹೇಳ್ಲಿ? ಮೋಟಾರು ಓಡಿದ್ರ ನಾ ಏನೂ ಹೇಳೂದು ಬ್ಯಾಡ, ತಾನ ಬಿಟ್ಟಂಗಾತು."

"ಮತ್ತೆ ನನ್ನನ್ನ ಕಂಡಲ್ಲೆಲ್ಲ ಚುಚ್ಚಿದ್ದು ಯಾಕೆ?"

"ಸಿಟ್ಟಿಗಿ. ಮುಲ್ಕಿ ಕಲ್ತಾವ್ರು, ಒಂದ್ ಅರಿವಿ ಬಟ್ಟ್ಯಾಗ ನೀರ ತಡ್ಯಾಕ ಆಗ್ಲಿಲ್ಲಲ್ಲ ನಿಮಗ." ಅವನು ಎರಡೂ ಅಂಗೈ ಬಿಚ್ಚಿ ತೋರಿಸಿದ. "ನನ್ನ ಗಾಡಿ ಚಾಪಿ ಯಾಕ ಸೋರಂಗಿಲ್ಲ ಅಂತ ಒಂದಿನರ ಕೇಳೀರೇನು?"

ಅಂಗೈಗಳು ಕಪ್ಪಗೆ, ಸುಟ್ಟ ಕಲೆಗಳಂತೆ ಇದ್ದವು. ಆ ಕೈಗಳನ್ನು ಎಷ್ಟೋ ಸಲ ನೋಡಿದ್ದೆ. ಹಗ್ಗ ಹಿಡಿದು ಹಾಗಾಗಿವೆ ಎಂದುಕೊಂಡಿದ್ದೆ. ಅದು ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಎಣ್ಣೆ. ಕುಮಟೆಯ ಕಡೆ ದೋಣಿಗೆ ಬಳಿಯುತ್ತಾರೆ. ಪ್ರತಿ ವರ್ಷ ಮಳೆಗೆ ಮುಂಚೆ ಅವನು ಅದನ್ನು ಚಾಪೆಗೆ ಬಳಿಯುತ್ತಿದ್ದ. ನೀರು ಒಳಗೆ ಬರುವುದಿಲ್ಲ, ಗೆದ್ದಲು ಹತ್ತುವುದಿಲ್ಲ, ಯಾವ ಇಲಿಯೂ ಮೂಸುವುದಿಲ್ಲ. ನಾನು ಹುಬ್ಬಳ್ಳಿಯನ್ನು ಕೇಳಿದ್ದೆ, ಆನೆಯ ಚಿತ್ರದ ಡಬ್ಬಿಯನ್ನು ಕೇಳಿದ್ದೆ. ಅವನನ್ನು ಕೇಳಿರಲಿಲ್ಲ. ಮೋಟಾರಿನವನು ಗಾಡಿಯವನನ್ನು ಕೇಳುವ ಪದ್ಧತಿಯೇ ಇರಲಿಲ್ಲ.

ಅಜ್ಜ ಎಣ್ಣೆ ತಂದ. ನಾನು ಮೊದಲು ಕುದಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಉಳಿದ ತುಪ್ಪವನ್ನೆಲ್ಲ ಒರೆಸಿದೆ. ಅದಕ್ಕೇ ಎರಡು ದಿನ ಹಿಡಿಯಿತು. ಆಮೇಲೆ ಅವನು ಹೇಳಿದಂತೆ ತೆಳ್ಳಗೆ ಬಳಿದು, ಬಿಸಿಲಿಗೆ ಬಿಟ್ಟು, ಅಂಟು ಹೋಗಲು ಜರಡಿ ಹಿಡಿದ ಬೂದಿ ಉದುರಿಸಿ, ಮತ್ತೆ ಬಳಿದೆ. ಹೀಗೆ ಮೂರು ಸಲ. ಕೈಗೆ ಬಟ್ಟೆ ಸುತ್ತಿಕೊಳ್ಳಿ ಎಂದಿದ್ದ. ಸುತ್ತಿಕೊಂಡಿದ್ದೆ, ಸಾಲಲಿಲ್ಲ. ಅಂಗೈಯೆಲ್ಲ ಬೊಕ್ಕೆ ಎದ್ದಿತು. ಟಾಪು ಹಳೆಯ ಹಲಸಿನ ಹಲಗೆಯ ಬಣ್ಣಕ್ಕೆ ತಿರುಗಿ, ಹಲಗೆಯಂತೆಯೇ ಗಟ್ಟಿಯಾಯಿತು. ಇನ್ನು ಅದನ್ನು ಮಡಚುವ ಪ್ರಶ್ನೆಯಿರಲಿಲ್ಲ. ಸಾಹೇಬರು ದೂರದಿಂದಲೇ ನೋಡಿ, "ತುಪ್ಪ ಅಲ್ಲ ತಾನೆ?" ಎಂದು ಮಾತ್ರ ಕೇಳಿದರು.

ಮೊದಲ ಮಳೆಯ ಗುರುವಾರ ಬೆಳಿಗ್ಗೆ ಆರು ಗಂಟೆಗೆ ಡಾಕ್ಟರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಪೆಟ್ಟಿಗೆಯ ಮೇಲೆ ಒಂದು ಬಿಳಿಯ ಕರವಸ್ತ್ರ ಹಾಸಿದರು. ಹನಿ ಬಿದ್ದರೆ ಕಾಣಬೇಕಲ್ಲ. ನಮ್ಮ ಕಡೆಯ ಮಳೆ ಬೀಳುವುದಲ್ಲ, ಸುರಿಯುವುದು. ಟಾಪಿನ ಮೇಲೆ ಯಾರೋ ಅಡಿಕೆ ಮೂಟೆ ಬಿಚ್ಚಿದ ಸದ್ದು. ಅರ್ಧ ದಾರಿಗೆ ಕರವಸ್ತ್ರ ಒಣಗಿಯೇ ಇತ್ತು. ಆಗ ಡಾಕ್ಟರು ತಲೆ ಎತ್ತಿ, ತೇಪೆಯನ್ನು ನೋಡಿ, ಬೆರಳು ಮೇಲೆತ್ತಿದರು.

ಬೆರಳು ತಾಗಿದರೆ ಸೋರುತ್ತದೆ ಎಂದು ಹೇಳಿದರೆ ಅವರೂ ಒತ್ತಿಯೇ ನೋಡುತ್ತಾರೆ ಎಂಬುದು ನನಗೆ ಗೊತ್ತಿತ್ತು. ಗೇರೆಣ್ಣೆಗೆ ಬೆರಳಿನ ಭಯವಿತ್ತೋ ಇಲ್ಲವೋ ಗೊತ್ತಿರಲಿಲ್ಲ. ನನ್ನ ಬಾಯಿಗೆ ಬಂದದ್ದು ಅತ್ತಿಗೆಯ ಮಾತು.

"ಡಾಕ್ಟರೇ, ಮುಟ್ಟಬೇಡಿ. ಟಾಪು ಮಡಿಯಲ್ಲಿದೆ."

ವಿಲಾಯತಿ ವಿದ್ಯೆ ಕಲಿತ ಆ ಮನುಷ್ಯನ ಕೈ, ಕಾದ ಕಾವಲಿ ಮುಟ್ಟಿದಂತೆ ಹಿಂದೆ ಸರಿಯಿತು. ಸರಿದ ಮೇಲೆ ಅವರು ತಮ್ಮ ಕೈಯನ್ನೇ ಸ್ವಲ್ಪ ಹೊತ್ತು ನೋಡಿಕೊಂಡರು.

"ಬಟ್ಟೆಗೆ ಎಂಥ ಮಡಿ ಮಾಸ್ತರೇ?"

"ಮೂರು ಸಲ ಎಣ್ಣೆಸ್ನಾನ ಆಗಿದೆ. ಮೇಲೆ ಭಸ್ಮಧಾರಣೆಯೂ ಆಗಿದೆ."

ಸಿದ್ದಾಪುರದಲ್ಲಿ ಇಳಿಯುವಾಗ ಅವರು ಕರವಸ್ತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಪರದೆಯಿಲ್ಲದ ಬದಿಯಲ್ಲಿ ಅಷ್ಟು ದೂರ ಕೂತು ಬಂದ ನಾನು ಹೊಳೆಯಿಂದ ಎದ್ದವನಂತಿದ್ದೆ. ಸ್ಟೇರಿಂಗು ಹಿಡಿದ ಕೈಯ ಬೊಕ್ಕೆಗಳು ಒಡೆದಿದ್ದವು.

"ಪೆಟ್ಟಿಗೆ ಒಣಗಿದೆ," ಎಂದರು. "ಮುಂದಿನ ಗುರುವಾರ, ಆರು ಗಂಟೆಗೆ. ಈಗ ಒಳಗೆ ಬನ್ನಿ, ಮೊದಲ ರೋಗಿ ನೀವೇ."

ಆ ಮಳೆಗಾಲದಲ್ಲಿ ಒಂದು ಗುರುವಾರವೂ ತಪ್ಪಲಿಲ್ಲ. ಟಾಪು ಸೋರಲಿಲ್ಲ. ಗಾಡಿಯ ಅಜ್ಜ ಕಂಬಳಿ ಹೊದ್ದು ತನ್ನ ಬಾಗಿಲಲ್ಲಿ ಕೂತು, ನಾನು ಹೋಗುವಾಗ ಕೈ ಎತ್ತುತ್ತಿದ್ದ. ಚುಚ್ಚುಮಾತು ನಿಂತುಹೋಗಿತ್ತು, ಅದೇ ಒಂದು ಕೊರತೆ. ಎಲ್ಲರೂ ಒಣಗಿದ್ದರು, ನನ್ನೊಬ್ಬನ ಹೊರತು. ಬಲಗೈಯ ತೋಳು ನಾಲ್ಕು ತಿಂಗಳು ಒಣಗಲಿಲ್ಲ. ಹೊಸ ಪರದೆಗೆ ಬಟ್ಟೆ ತರಿಸುತ್ತೇನೆಂದು ಸಾಹೇಬರು ಪ್ರತಿ ವಾರ ಹೇಳಿದರು, ಹೇಳುವಾಗ ಅವರಿಗೆ ನಿಜವಾಗಿಯೂ ಮನಸ್ಸಿತ್ತು. ಗುರುವಾರ ಸಂಜೆ ಹೆಂಡತಿ ನನ್ನ ಅಂಗಿಯನ್ನು ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸುತ್ತಿದ್ದಳು. ನಾನು ಕೆಮ್ಮುತ್ತಿದ್ದೆ. ಟ್ರಂಕು ಮತ್ತೆ ಮಂಚದ ಕೆಳಗೆ ಹೋಗಿತ್ತು.

ಮಳೆ ಹಿಂದಾದ ಮೇಲೆ ಅಣ್ಣ ಶಿರಸಿ ಪೇಟೆಗೆ ಬಂದವನು ನಮ್ಮ ಕೋಣೆಗೂ ಬಂದ. ಈ ಸಲ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಗೋಡೆ, ಒಲೆ, ಹಂಡೆ ಎಲ್ಲವನ್ನೂ ಒಂದು ಸುತ್ತು ನೋಡಿದ. ಮಧ್ಯಾಹ್ನ ಸಿದ್ದಾಪುರದ ಕಡೆಗೆ ಮೋಟಾರು ಹೊರಡುವುದಿತ್ತು. ತ್ಯಾಗಲಿಯ ತಿರುವಿನವರೆಗೆ ಬಾ ಎಂದು ಅವನನ್ನು ಹತ್ತಿಸಿಕೊಂಡೆ. ಸಿದ್ದಾಪುರದಲ್ಲಿ ಪರಿಚಯದವರ ಮನೆಗೆ ಹೋಗಬೇಕೆಂದು ಹೆಂಡತಿಯೂ ಬಂದು ನನ್ನ ಪಕ್ಕದಲ್ಲಿ ಕೂತಳು. ದಾರಿಯಲ್ಲಿ ಎಲ್ಲಿಯದೋ ಒಂದು ಮೋಡ ತಡವಾಗಿ ಬಂದು ಸುರಿಯಿತು. ಅಣ್ಣ ಅಭ್ಯಾಸದಂತೆ ಮೇಲೆ ನೋಡಿದ. "ಈ ಮಳೆ ಯಾವಾಗ" ಎಂದು ಶುರುಮಾಡಿ, ಅಲ್ಲಿಗೇ ಬಿಟ್ಟು, ಟಾಪಿನ ಕಡೆಗೆ ಬೆರಳು ಎತ್ತಿದ.

ನನ್ನ ಹೆಂಡತಿ ಹಿಂದೆ ತಿರುಗಿದಳು.

"ಭಾವ, ಮುಟ್ಟಡಿ," ಎಂದಳು, ಬಹಳ ಮೆತ್ತಗೆ. "ಅದು ಮಡಿಲಿ ಇದ್ದು."

ಅಣ್ಣ ಕೈ ಇಳಿಸಿದ. ತಿರುವು ಬರುವವರೆಗೂ ಎರಡು ಕೈಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದ. ನಾನು ರಸ್ತೆ ನೋಡುತ್ತ ಓಡಿಸಿದೆ. ಬಲಗಡೆಯಿಂದ ಮಳೆ ಯಥಾಪ್ರಕಾರ ಒಳಗೆ ಬರುತ್ತಿತ್ತು.